ಈಶ್ವರಿ ಬೇರು, ಅಮೃತಬಳ್ಳಿ, ಉಪ್ಪಾಗೆ: ಅಘನಾಶಿನಿ ಕಣಿವೆಯ ಪ್ರಶ್ನೋತ್ತರ

ನಿರ್ವಾಹಕರು: ಕಾಡುಗಿಡ, ಮನೆಮದ್ದುಗಳ ಬಗ್ಗೆ ಇಂದು ಸಂಜೆ ಆಯುರ್ವೇದ ವೈದ್ಯೆಯೊಬ್ಬರು ಉತ್ತರಿಸುತ್ತಾರೆ. ದಯವಿಟ್ಟು ಚುಟುಕಾಗಿ ಕೇಳಿ.

ಸಿರಸಿಯ ಸದಸ್ಯ: ಉಪ್ಪಾಗೆ ಸಿಪ್ಪೆಯ ಕಷಾಯ ಕುಡಿದರೆ ಬೊಜ್ಜು ಕರಗುತ್ತದಂತೆ. ದಿನಕ್ಕೆ ಎಷ್ಟು ಲೋಟ?

ವೈದ್ಯೆ: ನಮಸ್ಕಾರ. ಸಾರಿಗೆ ಹುಳಿಯಾಗಿ ಧಾರಾಳವಾಗಿ ಬಳಸಿ. ಬೊಜ್ಜಿಗೆಂದು ಕುಡಿಯಬೇಡಿ. ಅದರ ಸತ್ವದ ಕ್ಯಾಪ್ಸೂಲ್ ನುಂಗಿ ಯಕೃತ್ತು ಕೆಡಿಸಿಕೊಂಡವರ ವರದಿಗಳಿವೆ.

ಕುಮಟಾದ ಸದಸ್ಯ: ಸಕ್ಕರೆ ಕಾಯಿಲೆಯ ಮಾತ್ರೆಯ ಜೊತೆಗೆ ಮಧುನಾಶಿನಿ ಎಲೆ ತಿನ್ನಬಹುದೇ ಮೇಡಂ?

ಸಿದ್ದಾಪುರದ ಸದಸ್ಯೆ: ಮಗಳಿಗೆ ಆರು ವರ್ಷ. ಹೊಟ್ಟೆಹುಳಕ್ಕೆಂದು ಅತ್ತೆ ದಿನವೂ ಈಶ್ವರಿ ಬೇರನ್ನು ತೇಯ್ದು ಜೇನಿನಲ್ಲಿ ನೆಕ್ಕಿಸುತ್ತಾರೆ. ವರ್ಷವಾಗುತ್ತಾ ಬಂತು. ಈಗೀಗ ಮಗು ಬಿಳಿಚಿಕೊಂಡಿದೆ, ಊಟ ಸೇರುತ್ತಿಲ್ಲ. ಬೇರನ್ನು ಮುಂದುವರಿಸಬಹುದೇ?

ವೈದ್ಯೆ: ಇವತ್ತೇ ನಿಲ್ಲಿಸಿ. ಈಶ್ವರಿ ಬಳ್ಳಿಯಲ್ಲಿ ಅರಿಸ್ಟೊಲೊಕಿಕ್ ಆಮ್ಲವಿದೆ. ಅದು ಮೂತ್ರಪಿಂಡವನ್ನು ನೋವಿಲ್ಲದೆ, ಸದ್ದಿಲ್ಲದೆ ನಾರುಗಟ್ಟಿಸಿ ಕೆಡಿಸುತ್ತದೆ; ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ರಕ್ತಹೀನತೆಯೂ ಜೊತೆಗೇ ಬರುತ್ತದೆ, ನಿಮ್ಮ ಮಗು ಬಿಳಿಚಿಕೊಂಡಿದೆ ಎಂದಿದ್ದಕ್ಕೇ ನನಗೆ ಗಾಬರಿ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಮಾತ್ರೆಗಳಲ್ಲಿ ಇದೇ ಜಾತಿಯ ಇನ್ನೊಂದು ಗಿಡ ಸೇರಿಕೊಂಡು ಹಲವು ಮಹಿಳೆಯರ ಮೂತ್ರಪಿಂಡಗಳು ಹಾಳಾದವು. ಕೆಲವರಿಗೆ ಮುಂದೆ ಮೂತ್ರನಾಳದ ಕ್ಯಾನ್ಸರ್ ಬಂತು. ಇದು ಕ್ಯಾನ್ಸರ್‌ಕಾರಕವೆಂಬುದು ಸಿದ್ಧವಾಗಿರುವ ವಸ್ತು. ಇಷ್ಟು ಕೊಟ್ಟರೆ ಅಪಾಯವಿಲ್ಲ ಎನ್ನುವ ಅಳತೆ ಇಲ್ಲ.

ನಮ್ಮ ಘಟ್ಟದ ದೊಡ್ಡ ರೆಕ್ಕೆಯ ಚಿಟ್ಟೆಯ ಮರಿಹುಳುಗಳು ಈ ಜಾತಿಯ ಬಳ್ಳಿಗಳನ್ನೇ ತಿನ್ನುತ್ತವೆ. ಆ ವಿಷ ಮೈಯಲ್ಲಿ ಉಳಿಯುವುದರಿಂದಲೇ ಹಕ್ಕಿಗಳು ಅವನ್ನು ಮುಟ್ಟುವುದಿಲ್ಲ.

ಮಕ್ಕಳ ವೈದ್ಯರ ಬಳಿ ಹೋಗಿ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಹಿಮೋಗ್ಲೋಬಿನ್, ಮೂತ್ರ ಪರೀಕ್ಷೆ ಮಾಡಿಸಿ. ಬೇರಿನ ವಿಷಯವನ್ನು ಮುಚ್ಚಿಡಬೇಡಿ. ಬಳ್ಳಿ ಅದೇ ಹೌದೋ ಎಂದು ನೋಡಬೇಕಾದರೆ ಒಣಗಿದ ಕಾಯಿ ಹುಡುಕಿ: ಬುಡದಿಂದ ಆರು ಹೋಳಾಗಿ ಬಿರಿದು ನೆಲುವಿನಂತೆ ತೂಗುತ್ತಿರುತ್ತದೆ. ಅತ್ತೆಯವರನ್ನು ಬೈಯಬೇಡಿ. ಅವರು ಪ್ರೀತಿಯಿಂದಲೇ ಕೊಟ್ಟಿದ್ದಾರೆ.

ಯಲ್ಲಾಪುರದ ಸದಸ್ಯೆ: ಅಮೃತಬಳ್ಳಿ ಕಷಾಯ ದಿನವೂ ಕುಡಿಯಬಹುದೇ?

ವೈದ್ಯೆ: ಬೇಡ. ಜ್ವರವಿದ್ದಾಗ ಕೆಲವು ದಿನ, ವೈದ್ಯರನ್ನು ಕೇಳಿ. ಕೋವಿಡ್ ಕಾಲದಲ್ಲಿ ಇದನ್ನು ಕುಡಿದು ಯಕೃತ್ತಿಗೆ ಪೆಟ್ಟಾದವರ ಬಗ್ಗೆ ಮುಂಬೈಯ ತಜ್ಞರು 2021ರಲ್ಲಿ ಬರೆದರು. ಅದು ಬೇರೆ ಬಳ್ಳಿಯಿರಬಹುದು ಎಂದು ಆಯುಷ್ ಸಚಿವಾಲಯ ವಾದಿಸಿತು. ಯಾವ ಬಳ್ಳಿ ಎಂದು ಗುರುತಿಸಲಾಗದವರು ಕುಡಿಯಲೇಬಾರದು.

ಸಿರಸಿಯ ಸದಸ್ಯ: ಉಪ್ಪಾಗೆ ಸಿಪ್ಪೆ ಈ ಸಲ ಮಾರುಕಟ್ಟೆಗೇ ಬಂದಿಲ್ಲ.

ಹೊನ್ನಾವರದ ಸದಸ್ಯ: ಹೇಗೆ ಬರುತ್ತದೆ? ಹಣ್ಣಿಗಾಗಿ ಕೊಂಬೆಗಳನ್ನೇ ಕಡಿದು ಉರುಳಿಸಿದಿರಿ. ಮಳೆಗಾಲದಲ್ಲಿ ಸಿಪ್ಪೆ ಒಣಗಿಸಲು ಕಾಡಿನ ಕಟ್ಟಿಗೆಯನ್ನೂ ಸುಟ್ಟಿರಿ.

ಸಿರಸಿಯ ಸದಸ್ಯ: ನಾವಲ್ಲ, ವ್ಯಾಪಾರಿಗಳು ಕಳುಹಿಸಿದ ಜನ. ಬಿದ್ದ ಹಣ್ಣನ್ನು ಆರಿಸುವುದೇ ನಮ್ಮ ರೂಢಿ.

ಹೊನ್ನಾವರದ ಸದಸ್ಯ: ನಿಮ್ಮೂರಿನ ಬೆಟ್ಟವನ್ನು ನೋಡಿದ್ದೇನೆ. ರೂಢಿಯ ಮಾತು ಸಾಕು.

ಅಂಕೋಲಾದ ಸದಸ್ಯ: ಅಮೃತಬಳ್ಳಿ ದಿನಕ್ಕೆ ಎಷ್ಟು ಚಮಚ?

ವೈದ್ಯೆ: ಮೇಲೆ ಓದಿ.

ಸಾಗರದ ಸದಸ್ಯ (ಬಂದ ಸಂದೇಶವನ್ನು ಹಂಚಿದ್ದು): ಹಾವು ಕಚ್ಚಿದರೆ ಈಶ್ವರಿ ಬೇರು ಅರೆದು ಕುಡಿಸಿ, ಐದೇ ನಿಮಿಷದಲ್ಲಿ ವಿಷ ಇಳಿಯುತ್ತದೆ. ಎಲ್ಲರಿಗೂ ಕಳುಹಿಸಿ.

ವೈದ್ಯೆ: ಇದನ್ನು ಅಳಿಸಿ. ಮಗುವಿನ ವಿಷಯ ಮೇಲೆಯೇ ಇದೆ, ಓದದೆ ಹಂಚುತ್ತೀರಾ? ಕಚ್ಚುವ ಹಾವುಗಳಲ್ಲಿ ಬಹಳಷ್ಟಕ್ಕೆ ವಿಷವಿಲ್ಲ. ವಿಷದ ಹಾವೂ ಕೆಲವೊಮ್ಮೆ ವಿಷ ಬಿಡುವುದಿಲ್ಲ. ಹಾಗೆ ಬದುಕಿದವರ ಹೆಸರಿನಲ್ಲಿ ಬೇರಿಗೆ ಕೀರ್ತಿ. ನಾಗರ ಕಚ್ಚಿದವರಿಗೆ ಬೇರು ಅರೆಯುವ ಆ ಅರ್ಧ ಗಂಟೆಯೇ ಜೀವ. ಕೈಕಾಲು ಅಲುಗಿಸದೆ, ಪ್ರತಿವಿಷವಿರುವ ಆಸ್ಪತ್ರೆಗೆ ಸಾಗಿಸಿ.

ಹೊನ್ನಾವರದ ಸದಸ್ಯ: ನಮ್ಮ ಅಜ್ಜ ಎಷ್ಟೋ ಜನರನ್ನು ಬದುಕಿಸಿದ್ದಾರೆ. ಆಯುರ್ವೇದ ಓದಿದ ನೀವೇ ಪರಂಪರೆಯನ್ನು ಹೀಗಳೆಯುತ್ತೀರಿ.

ವೈದ್ಯೆ: ಒಂದೆಲಗದ ತಂಬುಳಿ, ಮುರುಗಲ ಸಿಪ್ಪೆಯ ಸಾರು ನನ್ನ ಮನೆಯಲ್ಲೂ ಇವೆ. ಮಕ್ಕಳನ್ನು ಪರಂಪರೆಗೆ ಒತ್ತೆ ಇಡುವುದಿಲ್ಲ. ಈ ವಾದ ನನಗೆ ಇಲ್ಲಿಗೆ ಮುಗಿಯಿತು.

ಕುಮಟಾದ ಸದಸ್ಯ: ಮಧುನಾಶಿನಿಯ ಬಗ್ಗೆ ಕೇಳಿದ್ದೆ.

ಸಿರಸಿಯ ಸದಸ್ಯ: ಹೊನ್ನಾವರದವರು ಕ್ಷಮೆ ಕೇಳಬೇಕು.

ಸಿದ್ದಾಪುರದ ಸದಸ್ಯೆ: ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗುತ್ತೇವೆ. ಅತ್ತೆ ಅಳುತ್ತಿದ್ದಾರೆ.

ವೈದ್ಯೆ: ಅವರನ್ನೂ ಕರೆದುಕೊಂಡು ಹೋಗಿ. ಎಷ್ಟು ತೇಯುತ್ತಿದ್ದರು ಎಂಬುದು ಅವರಿಗೇ ಗೊತ್ತು. ಬೇರಿನ ಒಂದು ತುಂಡನ್ನು ಎಲೆಯ ಸಮೇತ ಕವರಿನಲ್ಲಿ ಹಾಕಿಕೊಳ್ಳಿ. ವರದಿ ಬಂದ ಕೂಡಲೇ ನನಗೆ ನೇರವಾಗಿ ಕಳುಹಿಸಿ, ಇಲ್ಲಿ ಹಾಕಬೇಡಿ.