ಗುಂಡನ ಆರೈಕೆಯ ಬಗ್ಗೆ ತಂಗಿಗೆ

ತಂಗಿ, ನೀನು ಬೆಳಿಗ್ಗೆ ನಮ್ಮ ಮನೆಯವರ ಗುಂಪಿನಲ್ಲಿ ಹಾಕಿದ ಸಂದೇಶವನ್ನೂ ನಿಮ್ಮ ಗಂಡು ಬೆಕ್ಕು ಗುಂಡನ ಫೋಟೋಗಳನ್ನೂ ನೋಡಿದೆ. ಮೂತ್ರ ಮತ್ತೆ ಮತ್ತೆ ಕಟ್ಟಿಕೊಳ್ಳುತ್ತಿದ್ದುದಕ್ಕೆ ಹೈದರಾಬಾದಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿ ರಾಯಚೂರಿಗೆ ಕರೆತಂದ ಮೇಲೆ ಅವನ ಮೂತ್ರದಲ್ಲಿ ಕೆಂಪು ಕಾಣುತ್ತಿದೆ, ಮಲಗಿದಲ್ಲೇ ಹನಿಹನಿಯಾಗಿ ಸೋರುತ್ತಿದೆ, ಗಾಯ ನೆಕ್ಕದಂತೆ ಕುತ್ತಿಗೆಗೆ ಹಾಕುವ ಅಗಲ ಬಾಯಿಯ ಕಾಲರ್ ಹಾಕಿದರೆ ಬಾಗಿಲಿಗೆ ಗೋಡೆಗೆ ತಾಗಿ ಒಂದೇ ಸಮನೆ ಕೂಗುತ್ತಾನೆ, ತೆಗೆದುಬಿಡಲೇ ಎಂದು ಕೇಳಿದ್ದೀಯ. ಅದರ ಕೆಳಗೆ ಕಾಕಾ ಅವರು ನೋವಿಗೆ ಮಕ್ಕಳ ಪ್ಯಾರಾಸಿಟಮಾಲ್ ಸಿರಪ್ ಕೊಡಬಹುದಲ್ಲ ಎಂದಿದ್ದಾರೆ. ದೊಡ್ಡಮ್ಮ ಗಾಯಕ್ಕೆ ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಲು, ಮೂತ್ರದಲ್ಲಿನ ಕಲ್ಲು ಕರಗಲು ಕಾಡುಬಸಳೆ ಎಲೆಯ ರಸ ಕುಡಿಸಲು ಹೇಳಿದ್ದಾರೆ. ನಮ್ಮ ಬೆಕ್ಕು ಕೆಂಚನಿಗೂ ಇದೇ ಶಸ್ತ್ರಚಿಕಿತ್ಸೆ ಆಗಿ ಅವನು ಈಗ ಇಲ್ಲಿ ಬಳ್ಳಾರಿಯಲ್ಲಿ ಚೆನ್ನಾಗಿ ಓಡಾಡಿಕೊಂಡಿದ್ದಾನೆ. ಹಾಗಾಗಿ ವೈದ್ಯರಿಂದ ಕೇಳಿ ತಿಳಿದದ್ದನ್ನೂ ಮನೆಯಲ್ಲಿ ಕಂಡದ್ದನ್ನೂ ಎಲ್ಲರೂ ಕೇಳಲೆಂದು ಗುಂಪಿನಲ್ಲೇ ಹೇಳುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಪೂರ್ತಿ ಕೇಳು.

ಮೊದಲಿಗೆ ಔಷಧದ ಮಾತು, ಏಕೆಂದರೆ ಅದು ಇವತ್ತೇ ಗೊತ್ತಾಗಬೇಕು. ಕಾಕಾ, ನೀವು ಪ್ರೀತಿಯಿಂದಲೇ ಹೇಳಿದ್ದೀರಿ, ಆದರೆ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ನಮ್ಮ ಲಿವರ್ ಅದನ್ನು ಒಡೆದು ಹೊರಗೆ ಹಾಕುವ ರೀತಿಯಲ್ಲಿ ಬೆಕ್ಕಿನ ಲಿವರ್ ಹಾಕಲಾರದು. ಸ್ವಲ್ಪ ಪ್ರಮಾಣವೇ ರಕ್ತದ ಗುಣವನ್ನು ಕೆಡಿಸಿ, ರಕ್ತ ಆಮ್ಲಜನಕವನ್ನು ಹೊರಲಾರದ ಹಾಗೆ ಮಾಡುತ್ತದೆ. ಒಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಊದಿಕೊಳ್ಳುತ್ತದೆ, ಜೀವ ಹೋಗುತ್ತದೆ. ನಾವು ಮೈಕೈ ನೋವಿಗೆ ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೂಡ ಬೇಡ, ಅವು ಮೂತ್ರಪಿಂಡವನ್ನು ಹಾಳು ಮಾಡುತ್ತವೆ. ಗುಂಡನ ಮೂತ್ರಪಿಂಡಗಳು ಮೂತ್ರ ಕಟ್ಟಿಕೊಂಡ ಹೊಡೆತದಿಂದ ಈಗಷ್ಟೇ ಚೇತರಿಸಿಕೊಳ್ಳುತ್ತಿವೆ. ಆಸ್ಪತ್ರೆಯವರು ಬರೆದುಕೊಟ್ಟ ನೋವಿನ ಔಷಧ ಸಾಲುತ್ತಿಲ್ಲ ಎನಿಸಿದರೆ ಅವರಿಗೇ ಫೋನ್ ಮಾಡು. ಅಂಗಡಿಯಿಂದ ಬೇರೇನೂ ತರಬೇಡ, ಇರುವ ಔಷಧದ ಪ್ರಮಾಣವನ್ನೂ ನೀನಾಗಿ ಹೆಚ್ಚಿಸಬೇಡ.

ಕಾಡುಬಸಳೆಯದೂ ಅದೇ ಕಥೆ. ದೊಡ್ಡಮ್ಮ, ನಮ್ಮ ಕಡೆ ಕಿಡ್ನಿ ಕಲ್ಲಿಗೆ ಆ ಎಲೆ ತಿನ್ನುವವರು ಬಹಳ ಜನ ಇದ್ದಾರೆ, ಅದು ನನಗೂ ಗೊತ್ತು. ಆದರೆ ಆ ಗಿಡ ಕಲಾಂಚೊ ಜಾತಿಗೆ ಸೇರಿದ್ದು, ಅದರಲ್ಲಿರುವ ಅಂಶ ಬೆಕ್ಕಿನ ಹೃದಯದ ಬಡಿತವನ್ನೇ ಏರುಪೇರು ಮಾಡುತ್ತದೆ. ತಂಗಿ, ನಿಮ್ಮ ಬಾಲ್ಕನಿಯ ಕುಂಡದಲ್ಲಿ ಆ ಗಿಡ ಇದ್ದರೆ ಗುಂಡನ ಬಾಯಿಗೆ ಸಿಗದ ಕಡೆ ಇಡು. ಎಳನೀರನ್ನೂ ಈಗ ಕೊಡಬೇಡ. ಮೂತ್ರ ಕಟ್ಟಿದಾಗ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಹೀಗೆ ಕಟ್ಟಿಕೊಂಡ ಗಂಡು ಬೆಕ್ಕುಗಳ ಹೃದಯ ನಿಲ್ಲುವುದು ಹೆಚ್ಚಾಗಿ ಅದರಿಂದಲೇ. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳವಾಗಿದೆ.

ಇನ್ನು ಕಾಲರ್. ಅವನು ಎಷ್ಟೇ ಕೂಗಿದರೂ ತೆಗೆಯಬೇಡ. ಯಾಕೆ ಎಂಬುದು ಅರ್ಥವಾಗಬೇಕಾದರೆ ಒಳಗೆ ಏನು ಮಾಡಿದ್ದಾರೆ ಎಂಬುದು ಗೊತ್ತಿರಬೇಕು. ಗಂಡು ಬೆಕ್ಕಿನ ಮೂತ್ರನಾಳ ಮೂತ್ರಕೋಶದ ಹತ್ತಿರ ಅಗಲವಾಗಿದ್ದು, ತುದಿಗೆ ಬರುತ್ತಾ ತೀರಾ ಕಿರಿದಾಗುತ್ತದೆ. ಹೆಣ್ಣು ಬೆಕ್ಕಿನ ನಾಳ ಗಿಡ್ಡ ಮತ್ತು ಅಗಲ, ಆದ್ದರಿಂದ ಅವುಗಳಲ್ಲಿ ಕಟ್ಟಿಕೊಳ್ಳುವುದು ಅಪರೂಪ. ಗುಂಡನಿಗೆ ಕ್ಯಾಥೆಟರ್, ಅಂದರೆ ಮೂತ್ರ ಹೊರಬಿಡುವ ಸಣ್ಣ ನಳಿಕೆ, ಹಾಕಿ ಬಿಡಿಸಿದ ಮೇಲೂ ಮತ್ತೆ ಮತ್ತೆ ಕಟ್ಟಿಕೊಂಡದ್ದರಿಂದ, ವೈದ್ಯರು ಆ ಕಿರಿದಾದ ತುದಿಯ ಭಾಗವನ್ನೇ ತೆಗೆದು, ಹಿಂದಿನ ಅಗಲವಾದ ನಾಳವನ್ನು ಸೀಳಿ ತೆರೆದು, ಅದರ ಒಳಪದರವನ್ನು ಹೊರಗಿನ ಚರ್ಮಕ್ಕೆ ಸಣ್ಣ ಹೊಲಿಗೆಗಳಿಂದ ಜೋಡಿಸಿದ್ದಾರೆ. ಈ ಎರಡು ಅಂಚುಗಳು ಅಲುಗದೆ ಕೂಡಿಕೊಂಡರೆ ದಾರಿ ಅಗಲವಾಗಿ ಉಳಿಯುತ್ತದೆ. ಬೆಕ್ಕಿನ ನಾಲಿಗೆ ಅರದ ಹಾಗೆ ಒರಟು. ನೀನು ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಅವನು ನೆಕ್ಕಿ ಹೊಲಿಗೆ ಬಿಚ್ಚಿಕೊಳ್ಳಬಲ್ಲ. ಹಾಗೆ ಬಿಚ್ಚಿಕೊಂಡರೆ ಮೂತ್ರ ಚರ್ಮದ ಕೆಳಗೆ ಸೋರುತ್ತದೆ, ಗಾಯ ಗಟ್ಟಿ ಕಲೆಯಾಗಿ ಮಾಯುತ್ತಾ ದಾರಿಯನ್ನೇ ಮತ್ತೆ ಮುಚ್ಚುತ್ತದೆ, ಇನ್ನೊಂದು ಶಸ್ತ್ರಚಿಕಿತ್ಸೆ ಮೊದಲಿನದಕ್ಕಿಂತ ಕಷ್ಟವಾಗುತ್ತದೆ. ಸಾಮಾನ್ಯವಾಗಿ 10ರಿಂದ 14 ದಿನಗಳ ನಡುವೆ ಹೊಲಿಗೆ ನೋಡುತ್ತಾರೆ. ವೈದ್ಯರು ಗಾಯ ಮಾಯ್ದಿದೆ ಎಂದು ಹೇಳುವವರೆಗೆ ರಾತ್ರಿಯೂ ಹಗಲೂ ಕಾಲರ್ ಇರಲಿ. ಊಟಕ್ಕೆ ಅಡ್ಡಿಯಾದರೆ ಬಟ್ಟಲಿನ ಬದಲು ಕಾಲರಿನ ಬಾಯಿಗಿಂತ ಚಿಕ್ಕದಾದ ತಟ್ಟೆಯನ್ನು ಒಂದು ಡಬ್ಬಿಯ ಮೇಲೆ ಎತ್ತರಿಸಿ ಇಡು, ಕಾಲರಿನ ಅಂಚು ತಟ್ಟೆಯ ಸುತ್ತ ಕೆಳಗಿಳಿದು ಬಾಯಿ ಊಟಕ್ಕೆ ತಾಗುತ್ತದೆ. ಕೆಂಚ ಹೀಗೇ ತಿನ್ನುವುದನ್ನು ಕಲಿತ. ಮಂಚ ಹತ್ತದಂತೆ ನೋಡಿಕೊಂಡು ಒಂದೇ ಕೋಣೆಯಲ್ಲಿ ಇರಿಸಿಕೊ, ಹೊರಗೆ ಬಿಡಲೇಬೇಡ. ಇಲ್ಲಿನ ಕೆಂಪು ದೂಳಾಗಲಿ ನಿಮ್ಮ ಕಡೆಯ ಕರಿಮಣ್ಣಾಗಲಿ ಆ ಹಸಿ ಗಾಯಕ್ಕೆ ತಾಗುವುದು ಒಳ್ಳೆಯದಲ್ಲ.

ಅದೇ ಕಾರಣಕ್ಕೆ ಗಾಯಕ್ಕೆ ಅರಿಶಿನವೂ ಬೇಡ, ಎಣ್ಣೆಯೂ ಬೇಡ. ಎಣ್ಣೆಯ ವಾಸನೆಗೆ ಅವನು ನೆಕ್ಕಲು ಇನ್ನಷ್ಟು ಹಟ ಮಾಡುತ್ತಾನೆ, ಅರಿಶಿನದ ಪುಡಿ ಹೊಲಿಗೆಯ ಸಂದಿಯಲ್ಲಿ ಕೂತು ಹೆಪ್ಪುಗಟ್ಟುತ್ತದೆ. ಅಲ್ಲಿ ಕಪ್ಪಗೆ ಹಕ್ಕಳೆ ಕಟ್ಟಿರುವುದನ್ನು ಫೋಟೋದಲ್ಲಿ ನೋಡಿದೆ, ಅದನ್ನು ಕೀಳಬೇಡ, ಒದ್ದೆ ಬಟ್ಟೆಯಿಂದ ಉಜ್ಜಬೇಡ. ಅದರ ಕೆಳಗೇ ಹೊಸ ಚರ್ಮ ಕೂಡಿಕೊಳ್ಳುತ್ತಿರುತ್ತದೆ. ಸೋರಿದ ಮೂತ್ರದಿಂದ ತೊಡೆಯ ಚರ್ಮ ಕೆಂಪಾಗಿದ್ದರೆ, ಆ ಜಾಗವನ್ನು ಮಾತ್ರ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲಗೆ ಒತ್ತಿ ಒರೆಸಿ ಒಣಗಿಸು. ಪೆಟ್ರೋಲಿಯಂ ಜೆಲ್ಲಿ ಹಚ್ಚಬಹುದೇ ಎಂದು ವೈದ್ಯರನ್ನು ಕೇಳಿಕೊ, ಹಚ್ಚಿದರೂ ಹೊಲಿಗೆಯ ಹತ್ತಿರಕ್ಕೆ ಒಯ್ಯಬೇಡ.

ಕೆಂಪು ಮೂತ್ರಕ್ಕೆ ನೀನು ಗಾಬರಿಯಾಗುವುದು ಸಹಜ, ನಾನೂ ಆಗಿದ್ದೆ. ಮೊದಲ ಕೆಲವು ದಿನ ಮೂತ್ರ ತಿಳಿಗುಲಾಬಿ ಬಣ್ಣದಲ್ಲಿರುವುದು, ಗಾಯದ ಸುತ್ತ ನೇರಳೆ ಬಣ್ಣಕ್ಕೆ ಕಂದಿರುವುದು, ಸ್ವಲ್ಪ ಊದಿರುವುದು ನಿರೀಕ್ಷಿತವೇ. ಸೋರುವುದಕ್ಕೂ ಕಾರಣವಿದೆ: ಮೂತ್ರ ಕಟ್ಟಿದ್ದಾಗ ಮೂತ್ರಕೋಶ ಮಿತಿಮೀರಿ ಹಿಗ್ಗಿ ಅದರ ಸ್ನಾಯು ಸೋತಿರುತ್ತದೆ, ಹಿಡಿದಿಡುವ ಶಕ್ತಿ ನಿಧಾನವಾಗಿ ಮರಳುತ್ತದೆ. ಬಣ್ಣ ದಿನದಿಂದ ದಿನಕ್ಕೆ ತಿಳಿಯಾಗುತ್ತಿದ್ದರೆ, ಸೋರುವುದು ಕಡಿಮೆಯಾಗುತ್ತಿದ್ದರೆ ಸರಿಯಾದ ದಾರಿಯಲ್ಲಿದ್ದೀರಿ. ಗಡ್ಡೆಗಡ್ಡೆಯಾಗಿ ರಕ್ತ ಬಂದರೆ, ಮೂತ್ರ ಮಾಡದಿರುವಾಗಲೂ ಗಾಯದಿಂದ ತಾಜಾ ರಕ್ತ ತೊಟ್ಟಿಕ್ಕುತ್ತಿದ್ದರೆ ಅದು ಬೇರೆ ಮಾತು, ತಕ್ಷಣ ಆಸ್ಪತ್ರೆಗೆ ತಿಳಿಸಬೇಕು.

ನಿನ್ನ ಎಲ್ಲ ಪ್ರಶ್ನೆಗಳಿಗಿಂತ ಮುಖ್ಯವಾದದ್ದನ್ನು ನೀನು ಕೇಳಿಲ್ಲ, ಅದನ್ನೇ ನಾನು ಒತ್ತಿ ಹೇಳಬೇಕು: ಅವನು ದಿನಕ್ಕೆ ಎಷ್ಟು ಮೂತ್ರ ಮಾಡುತ್ತಿದ್ದಾನೆ ಎಂಬುದು ನಿನಗೆ ಗೊತ್ತಿರಬೇಕು. ಅವನು ಮಲಮೂತ್ರ ಮಾಡುವ ಟ್ರೇಯಲ್ಲಿರುವ ಲಿಟರನ್ನು, ಅಂದರೆ ಒದ್ದೆ ಹೀರಲು ಹಾಕುವ ಪುಡಿಯನ್ನು, ಪೂರ್ತಿ ತೆಗೆದುಬಿಡು, ಗಟ್ಟಿಯಾಗುವ ಹರಳಿನ ಲಿಟರ್ ಗಾಯಕ್ಕೆ ಅಂಟಿಕೊಳ್ಳುತ್ತದೆ. ಅದರ ಬದಲು ದಿನಪತ್ರಿಕೆಯನ್ನು ಉದ್ದುದ್ದ ಪಟ್ಟಿಗಳಾಗಿ ಹರಿದು ಹಾಸು. ಹಾಸುವ ಮುಂಚೆ ಕಾಗದವನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗು, ಅವನು ಮೂತ್ರ ಮಾಡಿದ ಮೇಲೆ ಅದನ್ನೇ ಮತ್ತೆ ತೂಗು. ಹೆಚ್ಚಾದ ಪ್ರತಿ ಗ್ರಾಂ ಸುಮಾರಾಗಿ ಒಂದು ಮಿಲಿಲೀಟರ್ ಮೂತ್ರ. ಆರೋಗ್ಯವಾಗಿರುವ ಬೆಕ್ಕು ಒಂದು ಕೆಜಿ ತೂಕಕ್ಕೆ ಗಂಟೆಗೆ ಸುಮಾರು 1ರಿಂದ 2 ಮಿಲಿಲೀಟರ್ ಮೂತ್ರ ಮಾಡುತ್ತದೆ, ಅಂದರೆ 4 ಕೆಜಿಯ ಬೆಕ್ಕಿಗೆ ದಿನಕ್ಕೆ ಸುಮಾರು 100 ಮಿಲಿಲೀಟರಿಗೆ ಕಡಿಮೆಯಾಗಬಾರದು. ಮಲಗಿದಲ್ಲಿ ಸೋರಿದ್ದು ತಕ್ಕಡಿಗೆ ಸಿಗುವುದಿಲ್ಲ, ಆದ್ದರಿಂದ ಲೆಕ್ಕ ಪಕ್ಕಾ ಬರಬೇಕೆಂದಿಲ್ಲ. ನಿನ್ನೆಗೂ ಇವತ್ತಿಗೂ ಇರುವ ವ್ಯತ್ಯಾಸ ಕಣ್ಣಿಗೆ ಬಿದ್ದರೆ ಸಾಕು. ಬಿಳಿ ಅಂಚಿನ ಕಾಗದದ ಮೇಲೆ ಮೂತ್ರದ ಬಣ್ಣವೂ ಸ್ಪಷ್ಟವಾಗಿ ಕಾಣುತ್ತದೆ, ಫೋಟೋ ತೆಗೆದಿಟ್ಟರೆ ವೈದ್ಯರಿಗೆ ತೋರಿಸಬಹುದು.

ಟ್ರೇಗೆ ಮತ್ತೆ ಮತ್ತೆ ಹೋಗಿ ತಿಣುಕಿ, ಏನೂ ಬಾರದೆ ಎದ್ದು ಬಂದರೆ ಬಹಳ ಜನ ಮಲಬದ್ಧತೆ ಎಂದುಕೊಂಡು ಹರಳೆಣ್ಣೆಯೋ ತುಪ್ಪವೋ ಕುಡಿಸುತ್ತಾರೆ. ನಮ್ಮ ಬೀದಿಯಲ್ಲೇ ಹಾಗೆ ಒಂದು ಬೆಕ್ಕು ಹೋಯಿತು. ಗಂಡು ಬೆಕ್ಕು ತಿಣುಕುತ್ತಿದ್ದರೆ ಮೊದಲು ಕಾಗದ ಒದ್ದೆಯಾಗಿದೆಯೇ ನೋಡಬೇಕು. ಒದ್ದೆಯಾಗಿಲ್ಲದೆ ತಿಣುಕುತ್ತಿದ್ದರೆ, ವಾಂತಿ ಮಾಡಿಕೊಂಡರೆ, ಹೊಟ್ಟೆ ಮುಟ್ಟಿದರೆ ಕಿರುಚಿದರೆ, ಮಂಕಾಗಿ ಮೈ ತಣ್ಣಗಾದರೆ ಬೆಳಗಾಗಲಿ ಎಂದು ಕಾಯಬೇಡ. ಪೂರ್ತಿ ಕಟ್ಟಿಕೊಂಡ ಬೆಕ್ಕು ಒಂದೆರಡು ದಿನದಲ್ಲೇ ಸಾಯಬಹುದು. ಬೇರೆ ಯಾವ ತೊಂದರೆ ಕಾಣದಿದ್ದರೂ 12 ಗಂಟೆ ಕಳೆದು ಕಾಗದ ಒಣಗಿಯೇ ಇದ್ದರೆ ವೈದ್ಯರಿಗೆ ಫೋನ್ ಮಾಡು. ಹೊಟ್ಟೆ ಒತ್ತಿ ಮೂತ್ರ ಬರಿಸಲು ಮನೆಯಲ್ಲಿ ಯಾರೂ ಪ್ರಯತ್ನಿಸಬಾರದು, ತುಂಬಿದ ಮೂತ್ರಕೋಶ ಒಡೆದುಹೋಗಬಹುದು. ಹೈದರಾಬಾದು ದೂರವಾದ್ದರಿಂದ, ತುರ್ತಿನಲ್ಲಿ ರಾಯಚೂರಿನಲ್ಲೇ ಬೆಕ್ಕಿಗೆ ಕ್ಯಾಥೆಟರ್ ಹಾಕಬಲ್ಲ ಪಶುವೈದ್ಯರು ಯಾರು ಎಂದು ಇವತ್ತೇ ವಿಚಾರಿಸಿ ನಂಬರ್ ಬರೆದಿಟ್ಟುಕೊ. ಅವರ ಹತ್ತಿರ ಹೋದರೆ ಯಾವ ಶಸ್ತ್ರಚಿಕಿತ್ಸೆ ಆಗಿದೆ ಎಂಬ ಚೀಟಿಯನ್ನು ಮೊದಲು ತೋರಿಸು, ಹೊಸ ಹೊಲಿಗೆಯ ಮೂಲಕ ನಳಿಕೆ ತೂರಿಸುವುದು ಶಸ್ತ್ರಚಿಕಿತ್ಸೆ ಮಾಡಿದವರೊಂದಿಗೆ ಮಾತಾಡಿಯೇ ಆಗಬೇಕು.

ಊಟದ ಬಗ್ಗೆ. ಅವನು ಸರಿಯಾಗಿ ತಿನ್ನುತ್ತಿಲ್ಲ ಎಂದೂ ಬರೆದಿದ್ದೀಯ. ಬೆಕ್ಕು ಎರಡು ಮೂರು ದಿನ ಉಪವಾಸ ಇದ್ದರೆ ಲಿವರಿನಲ್ಲಿ ಕೊಬ್ಬು ತುಂಬಿಕೊಂಡು ಇನ್ನೊಂದು ಕಾಯಿಲೆ ಶುರುವಾಗುತ್ತದೆ, ದಪ್ಪ ಬೆಕ್ಕುಗಳಲ್ಲಿ ಇನ್ನೂ ಬೇಗ. ವೆಟ್ ಫುಡ್ಡನ್ನು, ಅಂದರೆ ನೀರಿನಂಶವಿರುವ ಬೆಕ್ಕಿನ ಸಿದ್ಧ ಆಹಾರವನ್ನು, ಸ್ವಲ್ಪ ಬೆಚ್ಚಗೆ ಮಾಡಿ ಕೊಡು, ವಾಸನೆ ಬಂದರೆ ಬಾಯಿ ಹಾಕುತ್ತಾನೆ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಇಲ್ಲದೆ ಬೇಯಿಸಿದ ಕೋಳಿಯನ್ನು ಅದರ ನೀರಿನ ಸಮೇತ ಒಂದೆರಡು ದಿನ ಕೊಟ್ಟರೆ ತೊಂದರೆಯಿಲ್ಲ, ಆದರೆ ಬರೀ ಕೋಳಿಯೇ ಊಟವಾದರೆ ಅವನಿಗೆ ಬೇಕಾದ ಟಾರಿನ್ ಎಂಬ ಪೋಷಕಾಂಶ, ಕ್ಯಾಲ್ಸಿಯಂ ಸಿಗುವುದಿಲ್ಲ. ಹಾಲು ಬೇಡ, ಭೇದಿಯಾದರೆ ಗಾಯ ಹೊಲಸಾಗುತ್ತದೆ.

ಈ ಶಸ್ತ್ರಚಿಕಿತ್ಸೆ ದಾರಿಯನ್ನು ಅಗಲ ಮಾಡಿದೆ, ಆದರೆ ಮೂತ್ರಕೋಶದ ಒಳಗೆ ಹರಳಾಗುವ ಗುಣವನ್ನು ತೆಗೆದಿಲ್ಲ. ಈ ಮಾತನ್ನು ಮನೆಯವರೆಲ್ಲ ತಿಳಿದುಕೊಳ್ಳಲಿ, ಏಕೆಂದರೆ ಗಾಯ ಮಾಯ್ದ ಮೇಲೆ ಎಲ್ಲರೂ ಹಳೆಯ ಊಟಕ್ಕೇ ಮರಳುತ್ತಾರೆ. ಹರಳು ಸ್ಟ್ರುವೈಟ್ ಜಾತಿಯದಾದರೆ ಅದಕ್ಕೆಂದೇ ಇರುವ ಆಹಾರದಿಂದ ಕರಗುತ್ತದೆ. ಕ್ಯಾಲ್ಸಿಯಂ ಆಕ್ಸಲೇಟ್ ಆದರೆ ಯಾವ ಆಹಾರದಿಂದಲೂ ಕರಗುವುದಿಲ್ಲ. ಗುಂಡನದು ಯಾವುದು ಎಂದು ಪರೀಕ್ಷೆಯ ವರದಿಯಲ್ಲಿ ಇರುತ್ತದೆ, ಅದನ್ನು ಕೇಳಿ ಪಡೆದುಕೊ, ಆಹಾರದ ಆಯ್ಕೆ ಅದರ ಮೇಲೆ ನಿಂತಿದೆ. ಎರಡಕ್ಕೂ ಸಮಾನವಾಗಿ ಬೇಕಾದದ್ದು ನೀರು. ಡ್ರೈ ಫುಡ್ಡಿನಲ್ಲಿ ನೀರಿನಂಶ ಸುಮಾರು ಶೇ 10ರಷ್ಟು, ವೆಟ್ ಫುಡ್ಡಿನಲ್ಲಿ ಶೇ 75ಕ್ಕೂ ಹೆಚ್ಚು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಬಳ್ಳಾರಿ, ರಾಯಚೂರಿನಲ್ಲಿ ಬರೀ ಡ್ರೈ ಫುಡ್ ತಿಂದು, ಬಟ್ಟಲಿನ ಬಿಸಿಯಾದ ನೀರನ್ನು ಮೂಸಿ ಹೋಗುವ ಗಂಡು ಬೆಕ್ಕಿನ ಮೂತ್ರ ಗಟ್ಟಿಯಾಗದೆ ಇನ್ನೇನಾಗುತ್ತದೆ ಹೇಳು. ಅಗಲ ಬಾಯಿಯ ಬಟ್ಟಲುಗಳಲ್ಲಿ, ಊಟದ ತಟ್ಟೆಯಿಂದಲೂ ಟ್ರೇಯಿಂದಲೂ ದೂರವಾಗಿ, ಮನೆಯ ಎರಡು ಮೂರು ಕಡೆ ನೀರಿಡು, ಮಧ್ಯಾಹ್ನ ಬದಲಿಸು. ನಾನು ಕೆಂಚನ ನೀರನ್ನು ಮಣ್ಣಿನ ಪಾತ್ರೆಯಲ್ಲಿ ಇಡುತ್ತೇನೆ, ತಣ್ಣಗಿರುತ್ತದೆ, ತಾನಾಗಿಯೇ ಹೋಗಿ ಕುಡಿಯುತ್ತಾನೆ.

ಗಾಬರಿ, ಗದ್ದಲಗಳಿಂದಲೂ ಬೆಕ್ಕುಗಳ ಮೂತ್ರಕೋಶ ಉರಿಯೂತಕ್ಕೆ ಒಳಗಾಗುತ್ತದೆ, ಇದು ವೈದ್ಯರೇ ಒಪ್ಪುವ ಮಾತು. ಆದ್ದರಿಂದ ಈ ವಾರ ಅವನನ್ನು ನೋಡಲು ಬರುತ್ತೇವೆ ಎನ್ನುವ ಮಕ್ಕಳಿಗೆಲ್ಲ ಸ್ವಲ್ಪ ತಡೆಯಲು ಹೇಳು.

ಅವನು ಇನ್ನು ಮುಂದೆ ಹೆಣ್ಣಾಗಿಬಿಡುತ್ತಾನೆಯೇ ಎಂದು ನಿನ್ನ ಅತ್ತೆಯವರು ಕೇಳಿದ್ದಾರಂತೆ. ಇಲ್ಲ ಎಂದು ಹೇಳು. ಸಂತಾನಹರಣ ಮಾಡಿಸಿದ ಗಂಡು ಬೆಕ್ಕು ಹೇಗಿರುತ್ತದೋ ಹಾಗೇ ಇರುತ್ತಾನೆ, ಮೊದಲಿನಂತೆ ಕುಕ್ಕರಿಸಿ ಕೂತು ಮೂತ್ರ ಮಾಡುತ್ತಾನೆ, ಆಟವಾಡುತ್ತಾನೆ. ಬೆಕ್ಕಿಗೆ ಇಷ್ಟು ಖರ್ಚು ಬೇಕಿತ್ತೇ ಎಂದು ಗುಂಪಿನಲ್ಲಿ ಒಬ್ಬರು ಬರೆದದ್ದಕ್ಕೆ ನೀನು ಉತ್ತರ ಕೊಡಬೇಕಾಗಿಲ್ಲ. ನಮ್ಮನ್ನು ನಂಬಿ ಮನೆಯಲ್ಲಿರುವ ಜೀವ ನೋವಿನಿಂದ ಒದ್ದಾಡುವಾಗ ನೀನು ಮಾಡಿದ್ದು ಸರಿ, ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ಹೊಲಿಗೆ ತೋರಿಸಲು ಹೋಗುವಾಗ ಒಂದು ವಿಷಯ ಮರೆಯದೆ ಕೇಳು. ಮೂತ್ರದ್ವಾರ ಅಗಲವೂ ಗಿಡ್ಡವೂ ಆದದ್ದರಿಂದ ಸೂಕ್ಷ್ಮಜೀವಿಗಳು ಒಳಗೆ ಹೋಗುವುದು ಮೊದಲಿಗಿಂತ ಸುಲಭ, ಮೂತ್ರದ ಸೋಂಕು ಹೊರಗೆ ಏನೂ ಕಾಣಿಸದೆಯೂ ಬರಬಹುದು. ಆದ್ದರಿಂದ ಮೂತ್ರದಲ್ಲಿ ಸೂಕ್ಷ್ಮಜೀವಿ ಇದೆಯೇ ಎಂದು ನೋಡುವ ಕಲ್ಚರ್ ಪರೀಕ್ಷೆಯನ್ನು ಮುಂದೆ ಯಾವ ಯಾವ ತಿಂಗಳಲ್ಲಿ ಮಾಡಿಸಬೇಕು ಎಂದು ಬರೆಸಿಕೊಂಡು ಬಾ. ಇವತ್ತು ಸಂಜೆ ಕಾಗದದ ತೂಕ ಎಷ್ಟು ಬಂತು, ಎಷ್ಟು ತಿಂದ ಎಂಬುದನ್ನು ನನಗೆ ಕಳುಹಿಸು. ರಾತ್ರಿ ಎಷ್ಟು ಹೊತ್ತಾದರೂ ಫೋನ್ ಹತ್ತಿರವೇ ಇಟ್ಟುಕೊಂಡಿರುತ್ತೇನೆ.