ಬ್ಲೆಂಡ್ ಎಂದರೆ ಬೆರಕೆಯೋ, ಕೂಡಿಕೆಯೋ? (ಜೊತೆಗೆ ಚೊಗರಿನ ಪ್ರಶ್ನೆ)

ಇಟಲಿಯ ಒಂದು ಕೆಂಪು ವೈನ್ ಬಗೆಗಿನ ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಟಸ್ಕನಿಯ ಕರಾವಳಿಯ ಬೊಲ್ಗೆರಿಯಲ್ಲಿ, ಟಿರೇನಿಯನ್ ಸಮುದ್ರಕ್ಕೆ ಹತ್ತಿರದಲ್ಲಿರುವ ಓರ್ನೆಲ್ಲಾಯಾ ಎಸ್ಟೇಟಿನ ವೈನ್ ಅದು. 1981ರಲ್ಲಿ ಆರಂಭವಾದ ಎಸ್ಟೇಟು; ಮೊದಲ ವೈನ್ 1985ರ ಸುಗ್ಗಿಯದು. ಎಸ್ಟೇಟಿಗೆ ಬೇರೆ ಪದ ಹುಡುಕಲಿಲ್ಲ, ಕೊಡಗು ಚಿಕ್ಕಮಗಳೂರಿನವರು ಅದನ್ನು ಎಂದೋ ಕನ್ನಡವಾಗಿಸಿದ್ದಾರೆ. ನಾನು ಸಿಕ್ಕಿಕೊಂಡದ್ದು ‘ಬ್ಲೆಂಡ್’ ಎಂಬಲ್ಲಿ.

ಮೊದಲು ‘ಬೆರಕೆ’ ಎಂದು ಬರೆದೆ. ಅಕ್ಕ ಓದಿ, “ಅಷ್ಟು ದುಡ್ಡು ಕೊಟ್ಟು ಕಲಬೆರಕೆ ಮಾಲು ಕುಡಿಯುತ್ತಾರೆಯೇ?” ಎಂದಳು. ನ್ಯಾಯವಾದ ಮಾತೇ. ಬೆರಕೆಸೊಪ್ಪು ಎನ್ನುವಾಗ ಇಲ್ಲದ ಕಳಂಕ ಹಾಲು, ಎಣ್ಣೆ, ಹೆಂಡದ ಪಕ್ಕ ಬಂದೊಡನೆ ಈ ಪದಕ್ಕೆ ಅಂಟಿಕೊಳ್ಳುತ್ತದೆ. ‘ಮಿಶ್ರಣ’ ಎಂದರೆ ಕೆಮ್ಮಿನ ಔಷಧಿಯ ಸೀಸೆ ನೆನಪಾಗುತ್ತದೆ.

ಅಲ್ಲಿ ನಡೆಯುವ ಕೆಲಸವಾದರೂ ಏನು? ಕ್ಯಾಬರ್ನೆ ಸೊವಿನ್ಯೋಂ, ಮೆರ್ಲೊ, ಕ್ಯಾಬರ್ನೆ ಫ್ರಾಂಕ್, ಪೆಟಿ ವರ್ಡೊ ಎಂಬ ನಾಲ್ಕು ತಳಿಯ ದ್ರಾಕ್ಷಿಯನ್ನು ಬೇರೆಬೇರೆಯಾಗಿಯೇ ಹುದುಗಿಸುತ್ತಾರೆ. ಸುಮಾರು ಒಂದು ವರ್ಷ ಓಕ್ ಪೀಪಾಯಿಯಲ್ಲಿಟ್ಟು, ರುಚಿ ನೋಡಿ, ಯಾವುದು ಎಷ್ಟೆಂದು ಗೊತ್ತುಮಾಡಿ ಕೂಡಿಸುತ್ತಾರೆ. ಕೂಡಿಸಿದ್ದು ಮತ್ತೆ ಆರು ತಿಂಗಳು ಪೀಪಾಯಿಯಲ್ಲಿರುತ್ತದೆ. ಪಾಲು ವರ್ಷವರ್ಷಕ್ಕೂ ಬದಲಾಗುತ್ತದೆ. ಹೀಗಾಗಿ ‘ಕೂಡಿಕೆ’ ಎಂದಿಟ್ಟಿದ್ದೇನೆ. ‘ಕೂಟು’ ಇನ್ನೂ ಚುರುಕಾಗಿತ್ತು, ಆದರೆ ಓದುಗರ ಕಣ್ಣ ಮುಂದೆ ಬೂದುಗುಂಬಳ ಮತ್ತು ಕಡಲೆಬೇಳೆ ಬಂದು ನಿಂತಾವು. ಇದಕ್ಕಿಂತ ಒಳ್ಳೆಯದು ಹೊಳೆದರೆ ತಿಳಿಸಿ.

ಇನ್ನು ಟ್ಯಾನಿನ್. ನಾಲಿಗೆ ಹಿಡಿಯುವ ಆ ರುಚಿಗೆ ‘ಒಗರು’ ಇದ್ದೇ ಇದೆ. ಗೇರುಹಣ್ಣು ಕಚ್ಚಿದವರಿಗೆ ವಿವರಿಸಬೇಕಿಲ್ಲ. ತೊಡಕಿರುವುದು ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ರಸಕ್ಕೆ ಇಳಿಯುವ ವಸ್ತುವಿನದು. ಅದನ್ನೂ ಒಗರು ಎಂದರೆ ಉಪ್ಪಿಗೂ ಉಪ್ಪಿನ ರುಚಿಗೂ ವ್ಯತ್ಯಾಸವಿಲ್ಲದಂತಾಗುತ್ತದೆ. ಮಲೆನಾಡಿನಲ್ಲಿ ಹಸಿ ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಮಂದವಾದ ಕೆಂಪು ರಸಕ್ಕೆ ‘ಚೊಗರು’ ಎನ್ನುತ್ತಾರೆ. ಅದರಲ್ಲಿ ತುಂಬಿರುವುದೂ ಟ್ಯಾನಿನ್ನೇ; ಬಟ್ಟೆಗೆ ಹತ್ತಿದರೆ ಎಷ್ಟು ಒಗೆದರೂ ಹೋಗದು. ‘ಸಿಪ್ಪೆಯ ಚೊಗರು ರಸಕ್ಕಿಳಿದು ನಾಲಿಗೆಗೆ ಒಗರಾಗುತ್ತದೆ’ ಎಂದು ಬರೆದು ನೋಡಿದೆ. ನನಗಂತೂ ಹಿಡಿಸಿತು.

ಅಡಿಕೆ ಸೀಮೆಯವರನ್ನು ಕೇಳುವುದು ಇಷ್ಟೇ: ನಿಮ್ಮಲ್ಲಿ ಚೊಗರು ಎಂದರೆ ಅಡಿಕೆಯದು ಮಾತ್ರವೇ, ಅಥವಾ ಬೇರೆ ಕಾಯಿ, ತೊಗಟೆಗಳ ರಸಕ್ಕೂ ಆ ಮಾತು ಸಲ್ಲುತ್ತದೆಯೇ?