ಹಣ ಕೊಟ್ಟು ಆಯ್ದುಕೊಂಡ ಸೀಟನ್ನು ಬಿಟ್ಟುಕೊಡಲು ಒಪ್ಪದಿದ್ದದ್ದು ತಪ್ಪೇ?

ಪ್ರಶ್ನೆ: ಮಂಡಿನೋವಿನವಳು

ಕಳೆದ ತಿಂಗಳು ಆರು ಗಂಟೆಯ ವಿಮಾನ ಪ್ರಯಾಣವೊಂದರಲ್ಲಿ ನಡೆದ ಸಂಗತಿ ಇನ್ನೂ ಮನಸ್ಸಿನಲ್ಲಿ ಕೊರೆಯುತ್ತಿರುವುದರಿಂದ ಇಲ್ಲಿ ಕೇಳುತ್ತಿದ್ದೇನೆ. ಎರಡು ವರ್ಷಗಳ ಹಿಂದೆ ನನ್ನ ಬಲ ಮಂಡಿಗೆ ಶಸ್ತ್ರಚಿಕಿತ್ಸೆಯಾಗಿದೆ. ಗಂಟೆಗೊಮ್ಮೆಯಾದರೂ ಎದ್ದು ನಾಲ್ಕು ಹೆಜ್ಜೆ ಹಾಕದಿದ್ದರೆ ಕಾಲು ಮರಗಟ್ಟಿದಂತಾಗುತ್ತದೆ. ಹಾಗಾಗಿ ಟಿಕೆಟ್ ಮಾಡಿಸುವಾಗಲೇ ಪ್ರತ್ಯೇಕ ಶುಲ್ಕ ಕಟ್ಟಿ, ಬಲಗಾಲನ್ನು ಓಡಾಡುವ ದಾರಿಯ ಕಡೆಗೆ ಚಾಚಲು ಅನುಕೂಲವಾಗುವಂತೆ 14ಸಿ ಎಂಬ ಐಲ್ ಸೀಟನ್ನು ಆಯ್ದುಕೊಂಡಿದ್ದೆ.

ವಿಮಾನ ಹತ್ತಿ ನೋಡಿದರೆ ಆ ಸೀಟಿನಲ್ಲಿ ಎಪ್ಪತ್ತರ ಆಸುಪಾಸಿನ ಹಿರಿಯರೊಬ್ಬರು ಕುಳಿತಿದ್ದರು. ಕುಳಿತಿದ್ದರು ಎನ್ನುವುದಕ್ಕಿಂತ ನೆಲೆಸಿದ್ದರು ಎನ್ನುವುದೇ ಸರಿ: ಶಾಲು ಹೊದ್ದಾಗಿತ್ತು, ಕನ್ನಡಕದ ಡಬ್ಬಿಯೂ ಮಾತ್ರೆಯ ಪೊಟ್ಟಣವೂ ಮುಂದಿನ ಸೀಟಿನ ಜೇಬು ಸೇರಿದ್ದವು, ಚಪ್ಪಲಿ ಕಳಚಿ ಕಾಲಬಳಿ ಜೋಡಿಸಿಟ್ಟಿದ್ದರು. ಪಕ್ಕದ 14ಬಿಯಲ್ಲಿ ಅವರ ಮಗ ಇದ್ದರು. ನಾನು ಬೋರ್ಡಿಂಗ್ ಪಾಸ್ ತೋರಿಸಿದಾಗ ಆತ, "ಅಮ್ಮನದು 27ಇ. ನೀವು ಅಲ್ಲಿ ಕುಳಿತುಕೊಳ್ಳಿ ಮೇಡಂ, ಎಲ್ಲ ಸೀಟೂ ಒಂದೇ ಅಲ್ಲವೇ?" ಎಂದರು. 27ಇ ಎಂದರೆ ವಿಮಾನದ ಹಿಂಭಾಗದಲ್ಲಿ ಇಬ್ಬರ ನಡುವೆ ಸಿಕ್ಕಿಕೊಳ್ಳುವ ಸೀಟು. ನಾನು ಮಂಡಿಯ ವಿಷಯ ತಿಳಿಸಿ, ಕ್ಷಮೆ ಕೇಳಿ, ಆಗುವುದಿಲ್ಲ ಎಂದೆ. ಅಷ್ಟರಲ್ಲಿ ನನ್ನ ಬೆನ್ನ ಹಿಂದೆ ಬ್ಯಾಗು ಹಿಡಿದು ನಿಂತವರ ಸಾಲು ಬಾಗಿಲವರೆಗೂ ಬೆಳೆದಿತ್ತು. "ವಯಸ್ಸಾದವರಿಗೆ ಬಿಟ್ಟುಕೊಡಬಾರದೇ" ಎಂದು ಆ ಸಾಲಿನಿಂದ ಯಾರೋ ಹೇಳಿದ್ದೂ ಕಿವಿಗೆ ಬಿತ್ತು.

ಕೊನೆಗೆ ಸಿಬ್ಬಂದಿ ಬಂದು ಅವರನ್ನು ಎಬ್ಬಿಸಿ ಅವರ ಸೀಟಿಗೆ ಕರೆದೊಯ್ದರು. ಆ ತಾಯಿ ಒಂದೂ ಮಾತನಾಡದೆ, ಜೇಬಿನಿಂದ ಕನ್ನಡಕದ ಡಬ್ಬಿ, ಆಮೇಲೆ ಮಾತ್ರೆ, ಹೀಗೆ ಒಂದೊಂದನ್ನೇ ತೆಗೆದು ಕೈಚೀಲಕ್ಕೆ ತುಂಬಿಕೊಂಡು ಹೋದದ್ದನ್ನು ನಾನು ನಿಂತೇ ನೋಡಬೇಕಾಯಿತು. ಮಗ ಆರು ಗಂಟೆಯ ಕಾಲ ನನ್ನತ್ತ ತಿರುಗಲಿಲ್ಲ. ನನ್ನ ಹಕ್ಕಿನ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಹಕ್ಕು ಇದ್ದಮಾತ್ರಕ್ಕೆ ನಡೆದುಕೊಂಡದ್ದು ಸರಿಯಾಗುತ್ತದೆಯೇ ಎಂಬುದು ನನ್ನ ಪ್ರಶ್ನೆ. ಇಂಥ ಕೋರಿಕೆಯನ್ನು ಯಾರಲ್ಲಿ, ಯಾವಾಗ ಸಲ್ಲಿಸುವುದು ಕ್ರಮ ಎಂಬುದನ್ನೂ ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ: ಮಾಜಿ ಗಗನಸಖಿ

ಹನ್ನೊಂದು ವರ್ಷ ಈ ಕೆಲಸ ಮಾಡಿ ಬಿಟ್ಟವಳು ನಾನು. ಇಂಥ ಪಂಚಾಯಿತಿಯನ್ನು ಎಷ್ಟು ಬಾರಿ ಮಾಡಿದ್ದೇನೋ ಲೆಕ್ಕವಿಲ್ಲ. ನಿಮ್ಮಿಂದ ತಪ್ಪಾಗಿಲ್ಲ. ಸೀಟು ಬದಲಿಸಿಕೊಳ್ಳೋಣವೇ ಎಂದು ಕೇಳುವುದರಲ್ಲಿ ಯಾವ ತಪ್ಪೂ ಇಲ್ಲ. ಮೊದಲು ಕುಳಿತುಬಿಟ್ಟು ಆಮೇಲೆ ಕೇಳುವುದರಲ್ಲಿ ತಪ್ಪಿದೆ. ಮೊದಲನೆಯದು ಕೋರಿಕೆ. ಎರಡನೆಯದರಲ್ಲಿ ಸೀಟಿನ ಒಡತಿಯೇ ನಿಂತುಕೊಂಡು, ಕುಳಿತವರನ್ನು ಎಬ್ಬಿಸುವ ನಿಷ್ಠುರವನ್ನು ಹೊರಬೇಕಾಗುತ್ತದೆ, ಅದೂ ದಾರಿಗಾಗಿ ಕಾಯುತ್ತಿರುವ ನೂರು ಜನರ ಮುಂದೆ. ಆ ತಾಯಿಗಾದ ಅವಮಾನಕ್ಕೆ ಕಾರಣರಾದವರು ನೀವಲ್ಲ, ಅವರನ್ನು ಅಲ್ಲಿ ಕೂರಿಸಿದ ಮಗ.

ಇನ್ನೊಂದು ವಿಷಯವನ್ನು ಗಮನಿಸಿ. ಸೀಟು ಬದಲಾಯಿಸಿಕೊಳ್ಳುವಲ್ಲಿ ಕೇಳುವವರ ಕೈಯಲ್ಲಿ ಕೊಡಲು ಏನಾದರೂ ಇರಬೇಕು. ಐಲ್ ಸೀಟಿಗೆ ಐಲ್ ಸೀಟು, ಕಿಟಕಿಗೆ ಕಿಟಕಿ, ಸಾಧ್ಯವಾದರೆ ಇನ್ನೂ ಮುಂದಿನ ಸಾಲು. ತಾಯಿ ಮಗ ಇಬ್ಬರ ಬಳಿಯೂ ಇದ್ದದ್ದು ನಡುವಿನ ಸೀಟುಗಳು. ಅಂದರೆ ಯಾರೊಂದಿಗೆ ಬದಲಾಯಿಸಿಕೊಂಡರೂ ಎದುರಿನವರಿಗೆ ನಷ್ಟವೇ ಆಗಬೇಕಿತ್ತು, ಅದೃಷ್ಟವಶಾತ್ ಇನ್ನೊಬ್ಬ ನಡುವಿನ ಸೀಟಿನವರು ಅಕ್ಕಪಕ್ಕದಲ್ಲಿ ಸಿಕ್ಕರೆ ಹೊರತು. ಅಂಥ ಸಂದರ್ಭದಲ್ಲಿ ಸಹಪ್ರಯಾಣಿಕರನ್ನು ಕೇಳುವುದಕ್ಕಿಂತ ಮೊದಲೇ ಚೆಕ್-ಇನ್ ಕೌಂಟರಿನಲ್ಲಿ, ಅದು ತಪ್ಪಿದರೆ ಗೇಟಿನಲ್ಲಿ ಕೇಳಬೇಕು. ಇಡೀ ವಿಮಾನದ ಸೀಟುಗಳ ನಕ್ಷೆ ಅವರ ಪರದೆಯ ಮೇಲಿರುತ್ತದೆ, ಯಾರಿಗೂ ಕೊಡದೆ ಹಿಡಿದಿಟ್ಟ ಕೆಲವು ಸೀಟುಗಳೂ ಕೊನೆಯ ಗಳಿಗೆಯವರೆಗೆ ಉಳಿದಿರುವುದುಂಟು. ಅಲ್ಲಿಯೂ ಆಗಲಿಲ್ಲವೆನ್ನಿ, ತಮ್ಮ ತಮ್ಮ ಸೀಟಿನಲ್ಲಿ ಕುಳಿತು ಬಾಗಿಲು ಮುಚ್ಚುವವರೆಗೆ ಕಾಯಬೇಕು. ಬಾರದೇ ಉಳಿದವರ ಸೀಟು ಯಾವುದೆಂದು ಆಗ ನಮಗೆ ಖಚಿತವಾಗಿ ತಿಳಿಯುತ್ತದೆ. ನಾನು ಕೂಡಿಸಿದ ಕುಟುಂಬಗಳಲ್ಲಿ ಹೆಚ್ಚಿನವರು ಹೀಗೆ ಕೊನೆಯ ಹತ್ತು ನಿಮಿಷದಲ್ಲಿ ಸೇರಿದವರು. ಅಂದಹಾಗೆ, 27ನೆಯ ಸಾಲಿನಲ್ಲಿ ಯಾವುದಾದರೂ ಸೀಟು ಖಾಲಿ ಉಳಿದಿತ್ತೇ?

ಸಿಬ್ಬಂದಿಗೆ ಹೇಳದೆ ತಾವುತಾವೇ ಬದಲಾಯಿಸಿಕೊಂಡರೆ ಏನಂತೆ ಎಂದು ಕೇಳುವವರಿದ್ದಾರೆ. ಚಿಕ್ಕ ವಿಮಾನಗಳಲ್ಲಿ ಹತ್ತು ಜನ ಹಿಂದಿನಿಂದ ಮುಂದಕ್ಕೆ ಬಂದರೂ ತೂಕದ ಸಮತೋಲನದ ಲೆಕ್ಕ ತಪ್ಪುತ್ತದೆ. ದೊಡ್ಡ ವಿಮಾನಗಳಲ್ಲಿಯೂ ಕಾರಣಗಳಿವೆ. ಮೂರು ಸೀಟಿನ ಸಾಲಿನ ತಲೆಯ ಮೇಲೆ ಸಾಮಾನ್ಯವಾಗಿ ನಾಲ್ಕು ಆಮ್ಲಜನಕದ ಮುಖವಾಡಗಳಿರುತ್ತವೆ. ಒಂದು ಹೆಚ್ಚಿನದು ಮಡಿಲಲ್ಲಿ ಕೂರುವ ಮಗುವಿಗೆ. ಹಾಲುಗೂಸಿರುವ ಇಬ್ಬರು ತಾಯಂದಿರು ಅಕ್ಕಪಕ್ಕ ಕೂರುವ ಆಸೆಯಿಂದ ಒಂದೇ ಸಾಲಿಗೆ ಬಂದರೆ ಐದು ಜೀವಕ್ಕೆ ನಾಲ್ಕೇ ಮುಖವಾಡ. ತುರ್ತು ಬಾಗಿಲಿನ ಪಕ್ಕದ ಸೀಟಿನ ಮಾತಂತೂ ಬೇರೆಯೇ. ಅಲ್ಲಿ ಕೂರುವವರು ಬಾಗಿಲು ತೆರೆಯಲು ಶಕ್ತರಾಗಿರಬೇಕು, ಸಹಾಯಕ್ಕೆ ಒಪ್ಪಿರಬೇಕು. ಮಕ್ಕಳನ್ನಾಗಲಿ, ನಿಮ್ಮಂತೆ ಮಂಡಿ ನೋವಿರುವವರನ್ನಾಗಲಿ ಅಲ್ಲಿ ಕೂರಿಸುವಂತಿಲ್ಲ. 44ಕ್ಕಿಂತ ಹೆಚ್ಚು ಸೀಟಿನ ವಿಮಾನದ ಮಾದರಿಗೆ ಒಪ್ಪಿಗೆ ಸಿಗಬೇಕಾದರೆ, ಅರ್ಧದಷ್ಟು ಬಾಗಿಲುಗಳನ್ನು ಮಾತ್ರ ಬಳಸಿ ಎಲ್ಲರನ್ನೂ 90 ಸೆಕೆಂಡಿನೊಳಗೆ ಹೊರಗೆ ಕಳಿಸಬಹುದು ಎಂದು ತೋರಿಸಿಕೊಡಬೇಕು. ಬಾಗಿಲ ಬಳಿ ಕುಳಿತವರು ತಡವರಿಸಿದರೆ ಆ ಲೆಕ್ಕವೆಲ್ಲ ಕಾಗದದ ಮೇಲೆಯೇ ಉಳಿಯುತ್ತದೆ.

ಕೊನೆಯದಾಗಿ, ಹಣ ಕಟ್ಟಿದ ಸೀಟು ಕೂಡ ಪೂರ್ತಿ ನಮ್ಮದಲ್ಲ. ಸುರಕ್ಷತೆಯ ಅಥವಾ ಕಾರ್ಯಾಚರಣೆಯ ಕಾರಣಕ್ಕೆ ಸೀಟು ಬದಲಿಸುವ ಹಕ್ಕನ್ನು ವಿಮಾನ ಸಂಸ್ಥೆಗಳು ಟಿಕೆಟ್ಟಿನ ಷರತ್ತುಗಳಲ್ಲಿ ಉಳಿಸಿಕೊಂಡಿರುತ್ತವೆ. ಸಿಬ್ಬಂದಿ ಏಳಿ ಎಂದರೆ ಏಳಬೇಕು. ವಾದವನ್ನೂ ಶುಲ್ಕ ವಾಪಸಾತಿಯನ್ನೂ ಇಳಿದ ಮೇಲೆ ನೋಡಿಕೊಳ್ಳಬಹುದು. ಹಾರುತ್ತಿರುವ ವಿಮಾನದಲ್ಲಿ ಶಿಸ್ತು ಕಾಪಾಡಲು ಕ್ರಮ ಕೈಗೊಳ್ಳುವ ಅಧಿಕಾರವನ್ನು 1963ರ ಟೋಕಿಯೊ ಒಪ್ಪಂದ ಕ್ಯಾಪ್ಟನ್‌ಗೆ ಕೊಟ್ಟಿದೆ. ಪಕ್ಕದ ಪ್ರಯಾಣಿಕರಿಗೆ ಅಂಥದ್ದೇನನ್ನೂ ಯಾರೂ ಕೊಟ್ಟಿಲ್ಲ.

ಉತ್ತರ: ಇಬ್ಬರು ಮಕ್ಕಳ ತಂದೆ

ಮೇಲಿನವರ ಮಾತನ್ನು ಒಪ್ಪುತ್ತೇನೆ. ಆದರೆ ಸೀಟು ಕೇಳುವವರೆಲ್ಲ ಶುಲ್ಕ ಉಳಿಸಲು ಹೊರಟ ಜಾಣರು ಎಂಬ ಭಾವನೆ ಇಂಥ ಚರ್ಚೆಗಳಲ್ಲಿ ಬೇಗ ಬೇರೂರುವುದರಿಂದ ಇನ್ನೊಂದು ಬದಿಯನ್ನೂ ಹೇಳಬೇಕಾಗಿದೆ. ಒಮ್ಮೆ ನಾವು ನಾಲ್ವರೂ ಹಣ ಕಟ್ಟಿ ಒಂದೇ ಸಾಲಿನಲ್ಲಿ ಸೀಟು ಕಾಯ್ದಿರಿಸಿದ್ದೆವು. ಹೊರಡುವ ದಿನ ವಿಮಾನವೇ ಬದಲಾಯಿತು; ಹೊಸ ವಿಮಾನದ ಸೀಟುಗಳ ಜೋಡಣೆ ಬೇರೆಯದಾದ್ದರಿಂದ ಕಂಪ್ಯೂಟರು ನಮ್ಮನ್ನು ನಾಲ್ಕು ದಿಕ್ಕಿಗೆ ಹಂಚಿ, ನಾಲ್ಕು ವರ್ಷದ ಮಗಳನ್ನು ಅಪರಿಚಿತರಿಬ್ಬರ ನಡುವೆ ಕೂರಿಸಿತು. ಗೇಟಿನಲ್ಲಿ ಕೇಳಿದರೆ "ಒಳಗೆ ಕೇಳಿ" ಎಂದರು, ಒಳಗೆ ಕೇಳಿದರೆ "ಪಕ್ಕದವರನ್ನು ಕೇಳಿ" ಎಂದರು. ಸಂಸ್ಥೆ ಮಾಡಬೇಕಾದ ಕೆಲಸವನ್ನು ನಾನು ಸಾಲುಸಾಲಾಗಿ ಬಾಗಿ ನಿಂತು, ಹಲ್ಲು ಕಿರಿದು ಮಾಡಬೇಕಾಯಿತು. ನನ್ನ ಐಲ್ ಸೀಟನ್ನು ಕೊಡುತ್ತೇನೆಂದು ಮೊದಲೇ ಹೇಳಿದ್ದಕ್ಕೆ, ಮಗಳ ಪಕ್ಕ ಐಲ್ ಸೀಟಿನಲ್ಲಿದ್ದ ಯುವಕ ಪುಸ್ತಕದಿಂದ ತಲೆ ಎತ್ತಿ ನನ್ನ ಸೀಟಿನ ಸಂಖ್ಯೆ ಕೇಳಿ, ಅರ್ಧ ನಿಮಿಷದಲ್ಲಿ ಎದ್ದುಹೋದ. ಅವನಿಗೆ ಬೇಕಾಗಿದ್ದುದು ಐಲ್ ಸೀಟು ಮಾತ್ರ, ಎಲ್ಲಿಯದಾದರೂ ಆದೀತು.

ಕೆಲವು ದೇಶಗಳು ಈ ಭಾರವನ್ನು ಪ್ರಯಾಣಿಕರ ಹೆಗಲಿನಿಂದ ಇಳಿಸಿವೆ. ಕೆನಡಾದಲ್ಲಿ 2019ರ ನಿಯಮಗಳ ಪ್ರಕಾರ ಐದು ವರ್ಷದೊಳಗಿನ ಮಗುವಿಗೆ ಪೋಷಕರ ಪಕ್ಕದ ಸೀಟು, 5ರಿಂದ 11 ವರ್ಷದವರಿಗೆ ಅದೇ ಸಾಲಿನಲ್ಲಿ ಒಂದಕ್ಕಿಂತ ಹೆಚ್ಚು ಸೀಟಿನ ಅಂತರವಿಲ್ಲದಂತೆ, 12 ಮತ್ತು 13 ವರ್ಷದವರಿಗೆ ಒಂದು ಸಾಲಿಗಿಂತ ದೂರವಾಗದಂತೆ ಸೀಟು ಒದಗಿಸಲು ಹೆಚ್ಚುವರಿ ಶುಲ್ಕವಿಲ್ಲದೆ ಸಂಸ್ಥೆಯೇ ಪ್ರಯತ್ನಿಸಬೇಕು. ಭಾರತದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವೂ 2024ರಲ್ಲಿ, ಒಂದೇ ಪಿಎನ್‌ಆರ್‌ನಲ್ಲಿ ಪ್ರಯಾಣಿಸುವ 12 ವರ್ಷದವರೆಗಿನ ಮಕ್ಕಳಿಗೆ ತಂದೆತಾಯಿಯರಲ್ಲಿ ಅಥವಾ ಪೋಷಕರಲ್ಲಿ ಒಬ್ಬರ ಜೊತೆಗಾದರೂ ಸೀಟು ಕೊಡಬೇಕೆಂದು ಸೂಚಿಸಿತು. ಇವೆಲ್ಲ ಮಕ್ಕಳ ಮಾತಾಯಿತು. ವಯಸ್ಸಾದ ತಾಯಿಯ ಬಗ್ಗೆ ಹೀಗೆ ಎದ್ದು ಕಾಣುವ ನಿಯಮವಿಲ್ಲದಿರುವುದರಿಂದಲೇ ಆ ಮಗ ಕಂಡ ಸೀಟಿನಲ್ಲಿ ಅವರನ್ನು ಕೂರಿಸಿರಬಹುದು. ಆತನ ರೀತಿ ಸರಿಯಲ್ಲ, ಆತಂಕ ಸುಳ್ಳಲ್ಲ.

ಉತ್ತರ: ಉದ್ದಕಾಲಿನವನು

ಆರು ಅಡಿ ಎರಡು ಅಂಗುಲದ ನನಗೆ ಈ ಜಗಳಗಳ ಮೂಲ ಬೇರೆಲ್ಲೋ ಇದೆ ಎನ್ನಿಸುತ್ತದೆ. ಒಂದು ಸೀಟಿನ ಯಾವುದಾದರೂ ಬಿಂದುವಿನಿಂದ ಮುಂದಿನ ಸೀಟಿನ ಅದೇ ಬಿಂದುವಿಗೆ ಇರುವ ಅಂತರಕ್ಕೆ ಸೀಟ್ ಪಿಚ್ ಎನ್ನುತ್ತಾರೆ. ಕೆಲವು ಅಗ್ಗದ ವಿಮಾನಗಳಲ್ಲಿ ಅದು 28 ಅಂಗುಲಕ್ಕೆ ಇಳಿದಿದೆ, ಅದರಲ್ಲೂ ಸೀಟಿನ ದಪ್ಪವನ್ನು ಕಳೆದು ಉಳಿದದ್ದಷ್ಟೇ ನಮ್ಮ ಕಾಲಿಗೆ. ಮುಂದಿನವರಿಗೆ ಒರಗಲು ಮಾರಿದ ಜಾಗವನ್ನೇ ಹಿಂದಿನವರಿಗೆ ಮಂಡಿಯಿಡಲು ಮಾರಿ, ಒಳಗೆ ನೀವುನೀವೇ ಬಗೆಹರಿಸಿಕೊಳ್ಳಿ ಎಂದು ಬಾಗಿಲು ಮುಚ್ಚುತ್ತಾರೆ. 2014ರ ಆಗಸ್ಟ್‌ನಲ್ಲಿ ನೆವಾರ್ಕ್‌ನಿಂದ ಡೆನ್ವರ್‌ಗೆ ಹೊರಟಿದ್ದ ವಿಮಾನದಲ್ಲಿ ಒಬ್ಬರು ಮುಂದಿನ ಸೀಟು ಒರಗದಂತೆ ತಡೆಯುವ ಪ್ಲಾಸ್ಟಿಕ್ ಸಾಧನವನ್ನು ಸಿಕ್ಕಿಸಿದರು, ಮುಂದೆ ಕುಳಿತವರು ನೀರು ಎರಚಿದರು, ವಿಮಾನವನ್ನು ಷಿಕಾಗೋಗೆ ತಿರುಗಿಸಿ ಇಬ್ಬರನ್ನೂ ಇಳಿಸಲಾಯಿತು. ಆದ್ದರಿಂದ ನಾನು ಒರಗುವ ಮೊದಲು ಹಿಂದಿರುಗಿ ನೋಡುತ್ತೇನೆ, ಹಿಂದಿನವರ ಟ್ರೇ ಮೇಲೆ ಲ್ಯಾಪ್‌ಟಾಪ್ ಇದ್ದರೆ ಹೇಳಿ ನಿಧಾನವಾಗಿ ಒರಗುತ್ತೇನೆ. ನಡುವಿನ ಸೀಟಿನವರಿಗೆ ಎರಡೂ ಬದಿಯ ತೋಳುಪಟ್ಟಿ ಬಿಡುವುದು ನ್ಯಾಯ, ಏಕೆಂದರೆ ಅವರಿಗೆ ಕಿಟಕಿಯೂ ಇಲ್ಲ, ಓಡಾಟದ ದಾರಿಯೂ ಇಲ್ಲ. ಆ ಮಗನಿಗೆ ನೀವು ತೋಳುಪಟ್ಟಿ ಬಿಟ್ಟಿದ್ದಿರಿ ಎಂದು ನಂಬಿದ್ದೇನೆ.

ಉತ್ತರ: ಕಿಟಕಿ ಬೇಡದವರು

ನಾನಾಗಿದ್ದರೆ ಬಿಟ್ಟುಕೊಡುತ್ತಿದ್ದೆ, ಆದರೆ ನನ್ನ ಮಂಡಿಗಳು ಗಟ್ಟಿಯಾಗಿವೆ. ಸಾಲಿನಲ್ಲಿ ನಿಂತು "ಬಿಟ್ಟುಕೊಡಬಾರದೇ" ಎಂದ ಮಹಾಶಯರ ಬಳಿಯೂ ಒಂದು ಸೀಟು ಇದ್ದಿರಬೇಕಲ್ಲ, ಅದು ಯಾವುದು ಎಂದು ಯಾರೂ ಕೇಳಲಿಲ್ಲವೇ?

ಪ್ರತಿಕ್ರಿಯೆ: ಮಂಡಿನೋವಿನವಳು

ಎಲ್ಲರಿಗೂ ವಂದನೆಗಳು. ತೋಳುಪಟ್ಟಿಯನ್ನು ಬಿಟ್ಟಿದ್ದೆ, ಆತ ಅದರ ಮೇಲೆ ಕೈಯಿಡಲಿಲ್ಲ. ಮಾಜಿ ಗಗನಸಖಿಯವರು ಕೇಳಿದ ಪ್ರಶ್ನೆಗೆ ಉತ್ತರಿಸಲೇಬೇಕು. ಗಂಟೆಗೊಮ್ಮೆ ಎದ್ದು ವಿಮಾನದ ಹಿಂಭಾಗದವರೆಗೆ ನಡೆದು ಬರುವುದು ನನ್ನ ಕ್ರಮವಾದ್ದರಿಂದ 27ನೆಯ ಸಾಲನ್ನು ಐದು ಬಾರಿಯಾದರೂ ದಾಟಿದ್ದೇನೆ. ಆ ತಾಯಿಯ ಪಕ್ಕದ 27ಎಫ್, ಕಿಟಕಿಯ ಸೀಟು, ಖಾಲಿಯಿತ್ತು. ಅವರು ಕೈಚೀಲವನ್ನು ಅದರ ಮೇಲಿಟ್ಟು, ಶಾಲನ್ನು ಕುತ್ತಿಗೆಯವರೆಗೆ ಎಳೆದುಕೊಂಡು ನಿದ್ದೆ ಹೋಗಿದ್ದರು. ಮಗ 14ಬಿಯಿಂದ ಒಮ್ಮೆಯೂ ಎದ್ದು ಹಿಂದೆ ಹೋಗಿ ನೋಡಲಿಲ್ಲವಾದ್ದರಿಂದ ಆತನಿಗೆ ಇದು ತಿಳಿಯಲಿಲ್ಲ. ಮೊದಲ ಸಲ ದಾಟಿದಾಗ ಹೇಳಬೇಕೆಂದು ನನಗೂ ಹೊಳೆಯಲಿಲ್ಲ. ಎರಡನೆಯ ಸಲ ಹೊಳೆಯಿತು. ಆದರೆ ಅಷ್ಟು ಹೊತ್ತಿಗೆ ನಮ್ಮಿಬ್ಬರ ನಡುವಿನ ಮೌನ ಎಷ್ಟು ಬಿಗಿದುಕೊಂಡಿತ್ತೆಂದರೆ, ಬಾಯಿ ತೆರೆಯಲು ನಾನು ಮನಸ್ಸು ಮಾಡಲಿಲ್ಲ. ಸೀಟು ಕೊಡದಿದ್ದುದಕ್ಕಲ್ಲ, ಇಷ್ಟು ದಿನ ನನ್ನನ್ನು ಕೊರೆಯುತ್ತಿದ್ದುದು ಇದೇ ಎಂದು ಇಲ್ಲಿನ ಉತ್ತರಗಳನ್ನು ಓದಿದ ಮೇಲೆ ತಿಳಿಯಿತು.